ಮೂರು ಮೂಟೆ ಕಲ್ಲುಪ್ಪು

ಊರಿನಲ್ಲಿ ಯಾರು ಕೂದಲಿಗೆ ಬಣ್ಣ ಹಚ್ಚುತ್ತಾರೆ, ವೈದ್ಯರು ಬೇಡವೆಂದರೂ ಯಾರು ಕದ್ದು ಸಿಹಿ ತಿನ್ನುತ್ತಾರೆ, ಯಾರ ಮನೆಯಲ್ಲಿ ಇಲಿ ಕಾಟ, ಯಾವ ಗಂಡ ಹೆಂಡತಿ ಮುನಿಸಿಕೊಂಡು ಒಲೆ ಹಚ್ಚದೆ ಬರೀ ಬ್ರೆಡ್ಡಿನ ಮೇಲೆ ದಿನ ದೂಡುತ್ತಿದ್ದಾರೆ, ಇಷ್ಟೂ ಅಂಗಡಿಯಕ್ಕನಿಗೆ ಗೊತ್ತು. ಆದರೆ ಅವಳ ಬಾಯಿಂದ ಒಂದು ಮಾತು ಹೊರಡಿಸಿ ನೋಡೋಣ! ಶಾಲೆಯ ಹೆಡ್‌ಮೇಷ್ಟ್ರ ಹೆಂಡತಿಯೇ ಬಂದು, "ನಮ್ಮನೆಯವರು ಬೆಲ್ಲ ತಗೊಂಡು ಹೋದ್ರಾ?" ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೂ, "ನನಗೆ ನೆನಪೇ ಇರಲ್ಲ ನೋಡಿ" ಎಂದು ತಕ್ಕಡಿ ಒರೆಸುತ್ತ ಕುಳಿತುಬಿಡುತ್ತಾಳೆ. ನೆನಪಿರುವುದಿಲ್ಲವಂತೆ! ಹತ್ತು ವರ್ಷದ ಹಿಂದೆ ಯಾರು ಯಾವ ಸೋಪು ಒಯ್ದರು ಎಂಬುದನ್ನೂ ಹೇಳಬಲ್ಲವಳು. ಒಬ್ಬರು ಕೊಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬುದು ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆ. ಮದುವೆಯಾಗಿ ಬಂದ ಮೊದಲ ವಾರವೇ ತಕ್ಕಡಿಯ ಜೊತೆಗೆ ಅದನ್ನೂ ಕೈಗಿಟ್ಟಿದ್ದಳು.

ಅವಳ ಅಂಗಡಿ ಇರುವುದು ಬುಡದ ಬೀದಿಯಲ್ಲಿ. ಹೆಸರೇ ಹೇಳುವಂತೆ ಗುಡ್ಡದ ಬುಡಕ್ಕೆ ಅಂಟಿಕೊಂಡ ಬೀದಿ ಅದು. ಒಂದೇ ಕೋಣೆ, ಎರಡು ಭಾಗ. ಎಡಕ್ಕೆ ದಿನಸಿ, ಬಲಕ್ಕೆ ಗಂಡನ ಹೊಲಿಗೆ ಯಂತ್ರ ಮತ್ತು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಗಂಡ ಮಾತಿನಲ್ಲಿ ಮಹಾ ಜಿಪುಣ. ಒಪ್ಪಿದರೆ "ಹೂಂ", ಒಪ್ಪದಿದ್ದರೆ "ಊಹೂಂ", ದಾರ ಕಿತ್ತುಹೋದರೆ ಮಾತ್ರ ಮೂರನೆಯದೊಂದು ಮಾತು; ಅದನ್ನು ಇಲ್ಲಿ ಬರೆಯುವುದು ಬೇಡ. ಹಿಂದಿನ ಕೋಣೆಯಲ್ಲಿ ಅತ್ತೆ. ಆ ಬೀದಿಯಲ್ಲಿ ಅವಳಿಗಿಂತ ಹಿರಿಯರಿಲ್ಲ. ದಿನವಿಡೀ ಬೇಳೆಯಲ್ಲಿ ಕಲ್ಲು ಆರಿಸುತ್ತಾಳೆ, ಕಲ್ಲು ಮುಗಿದರೆ ಸೊಸೆಯ ತಪ್ಪು ಆರಿಸುತ್ತಾಳೆ. ಮಹಡಿಯ ಒಂದು ಕೋಣೆಯನ್ನು ಅರಣ್ಯ ಇಲಾಖೆಯ ಮೇಡಂ ಬಾಡಿಗೆಗೆ ಹಿಡಿದಿದ್ದರು. ಇನ್ನೂ ಚಿಕ್ಕ ವಯಸ್ಸು, ಮೆಟ್ಟಿಲು ಇಳಿದರೆ ಇಡೀ ಮನೆ ಅದುರುವಂಥ ಬೂಟು. ಜನರೆದುರು ಅಂಗಡಿಯಕ್ಕ ಅವರನ್ನು "ಮೇಡಂ" ಎನ್ನುತ್ತಿದ್ದಳು, ಯಾರೂ ಇಲ್ಲದಾಗ "ಊಟ ಆಯ್ತೇನಮ್ಮಾ?" ಎಂದು ಗದರುತ್ತಿದ್ದಳು.

ಅಂಗಡಿಯಕ್ಕ ಸುಖವಾಗಿಯೇ ಇದ್ದಳು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಸುಖವಾಗಿರುವವರ ಕಥೆ ಯಾರಿಗೂ ಬೇಡ. ಬೆಳಿಗ್ಗೆ ಬಾಗಿಲು ತೆರೆಯುವಾಗ ಎದುರು ಮನೆಯವಳು ಹಲ್ಲುಜ್ಜುತ್ತಲೇ ಹಾಕುವ ಕೂಗು, ಹೊಸ ಅಕ್ಕಿಮೂಟೆ ಬಿಚ್ಚಿದಾಗಿನ ಘಮ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಂತ್ರದ ಟಕಟಕ ಕೇಳುತ್ತ ತೂಕಡಿಸುವುದು. ಇಷ್ಟಿದ್ದರೆ ಅವಳಿಗೆ ಇನ್ನೇನೂ ಬೇಡ.

ಬೀದಿಯ ನೆತ್ತಿಯ ಮೇಲೆ ಗುಡ್ಡದ ಇಳಿಜಾರಿನ ಕಾಡಿದೆ. ಊರವರು ಅದನ್ನು ಮೇಲಿನ ಕಾಡು ಎನ್ನುತ್ತಾರೆ. ಅದರಿಂದ ಸೌದೆ ತರುವಂತಿಲ್ಲ, ಮರ ಕಡಿಯುವಂತಿಲ್ಲ. ಅದರ ಕೆಲಸ ಒಂದೇ, ನಿಂತಿರುವುದು. ತುದಿಯ ಬಂಡೆಗಳಿಂದ ಕಳಚಿದ ಕಲ್ಲುಗಳನ್ನು ಆ ಮರಗಳು ಎದೆಯೊಡ್ಡಿ ತಡೆಯುತ್ತವೆ, ಬೇರುಗಳು ಮಣ್ಣನ್ನು ಹಿಡಿದುಕೊಂಡಿರುತ್ತವೆ. ಆ ಮರಗಳಿಗೆ ವಯಸ್ಸಾಗಿತ್ತು. ಮುದಿ ಮರ ಉರುಳಿದರೆ ಆ ಜಾಗದಲ್ಲಿ ಎಳೆಯದು ಏಳಬೇಕು ತಾನೇ? ಏಳುತ್ತಿರಲಿಲ್ಲ. ಇಲಾಖೆಯವರು ನೆಟ್ಟ ಸಸಿ ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಜಿಂಕೆಗಳು ಕುಡಿ ಚಿವುಟಿ ಹಾಕುತ್ತಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಕುರಿಯಷ್ಟು ದಪ್ಪನೆಯ ಕಲ್ಲೊಂದು ಉರುಳುತ್ತ ಬಂದು, ಬೇಕರಿಯವನ ಹಿಂದಿನ ಗೋಡೆ ಒಡೆದು, ಹಿಟ್ಟು ನಾದುವ ತೊಟ್ಟಿಯೊಳಗೆ ಕುಳಿತುಬಿಟ್ಟಿತು. ಬೇಕರಿಯವನು ಆಗ ತಾನೇ ಚಹಾ ಕುಡಿಯಲು ಹೊರಗೆ ಬಂದಿದ್ದ, ಬದುಕಿಕೊಂಡ. ಮರುವಾರವೇ ದೊಡ್ಡ ಕಚೇರಿಯಿಂದ ಜನ ಬಂದರು, ಗುಡ್ಡ ಹತ್ತಿ ಇಳಿದರು, ಗೋಡೆಗೆ ನೋಟೀಸು ಅಂಟಿಸಿ ಹೋದರು. ಮೇಲಿನ ಕಾಡಿನಲ್ಲಿ ಸಸಿ ಉಳಿಯುವ ಹಾಗೆ ಊರವರೂ ಇಲಾಖೆಯೂ ಸೇರಿ ಒಂದು ದಾರಿ ಕಂಡುಕೊಳ್ಳಬೇಕು. ಅದಕ್ಕೆ ಒಂದು ವರ್ಷ ಸಮಯ. ಆಗದಿದ್ದರೆ ಬುಡದ ಬೀದಿಯನ್ನು ಖಾಲಿ ಮಾಡಿಸಿ ಎಲ್ಲರನ್ನೂ ಕೆಳಗೆ ಬಯಲಿನ ಹೊಸ ಬಡಾವಣೆಗೆ ಸಾಗಿಸಲಾಗುವುದು.

ಅಂಗಡಿಯಕ್ಕ ನೋಟೀಸನ್ನು ಎರಡು ಸಲ ಓದಿದಳು. ಬಯಲಂತೆ, ಬಡಾವಣೆಯಂತೆ! ಸಾಮಾನನ್ನು ಲಾರಿಗೆ ಹೇರಬಹುದು, ಎದುರು ಮನೆಯವಳ ಕೂಗನ್ನು ಹೇರಲಾಗುತ್ತದೆಯೇ? ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅತ್ತೆ ಮಾತ್ರ ಬೇಳೆಯ ಮೊರದಿಂದ ತಲೆಯೆತ್ತದೆ, "ಕಲ್ಲು ಬಿದ್ರೆ ಬೀಳ್ಲಿ ಬಿಡೆ. ನನ್ನ ನೋಡಿ ಅದೇ ಹೆದರ್ಕೊಬೇಕು" ಎಂದುಬಿಟ್ಟಳು. ಬೀದಿಯ ಜನ ಇದನ್ನು ಕೇಳಿ ನಕ್ಕರು. ಮುದುಕಿಗೇ ಇಲ್ಲದ ಭಯ ನಮಗ್ಯಾಕೆ ಎಂದುಕೊಂಡು ತಮ್ಮ ತಮ್ಮ ಬಾಗಿಲು ತೆರೆದರು.

ದಾರಿ ಕಂಡುಕೊಳ್ಳುವುದೇನೋ ಸರಿ, ಯಾರ ಜೊತೆ? ಅಲ್ಲಿ ಮೂರು ಪಕ್ಷಗಳಿದ್ದವು, ಮೂರೂ ಎಣ್ಣೆ ಸೀಗೆಕಾಯಿ. ಮೇಡಂ ಇಡೀ ಇಳಿಜಾರಿಗೆ ಎತ್ತರದ ಬೇಲಿ ಹಾಕಬೇಕು, ಕೆಲವು ಜಿಂಕೆಗಳನ್ನು ಹೊಡೆದು ಕಡಿಮೆ ಮಾಡಬೇಕು ಎನ್ನುತ್ತಿದ್ದರು. ಬೇಲಿ ಹಾಕಿದರೆ ಮೇಲಿನ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಹೋಗುವ ದಾರಿ ಮುಚ್ಚುತ್ತದೆ ಎಂದು ಕುರಿಗಾರರು ಕೋಲು ಕುಟ್ಟುತ್ತಿದ್ದರು. ಅವರ ಹಿರಿಯ ಬೇರೆ ಯಾರೂ ಅಲ್ಲ, ಅಂಗಡಿಯಕ್ಕನ ಭಾವ, ಗಂಡನ ಖಾಸಾ ಅಣ್ಣ. ಇನ್ನು ಗುಡ್ಡದ ಪಡುಗಡೆ ಲಾಡ್ಜು ನಡೆಸುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ. ಅವನ ಲಾಡ್ಜಿಗೆ ಜನ ಬರುವುದೇ ಬಾಲ್ಕನಿಯಲ್ಲಿ ಕುಳಿತು ಜಿಂಕೆ ನೋಡಲು. ಜಿಂಕೆಗೆ ಗುಂಡು ಎಂದರೆ ಅವನ ಎದೆಗೇ ಗುಂಡು ಬಿದ್ದ ಹಾಗೆ ಕಿರುಚುತ್ತಿದ್ದ. ಸಸಿ ತಿಂದದ್ದು ಯಾರೆಂದು ಕೇಳಿದರೆ ಮೇಡಂ ಕುರಿಗಳನ್ನು ತೋರಿಸುತ್ತಿದ್ದರು, ಭಾವ ಲಾಡ್ಜನ್ನು ತೋರಿಸುತ್ತಿದ್ದ, ತಮ್ಮ ಇಲಾಖೆಯನ್ನು ತೋರಿಸುತ್ತಿದ್ದ.

ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ ಸೇರಿತು. ಅಧ್ಯಕ್ಷರು ಯಾರಾಗಬೇಕು ಎಂಬುದಕ್ಕೇ ಮೊದಲ ಜಗಳ. ಯಾರ ಹೆಸರೆತ್ತಿದರೂ ಇಬ್ಬರು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಬೇಸತ್ತ ಹೆಡ್‌ಮೇಷ್ಟ್ರು, "ಅಂಗಡಿಯಕ್ಕ ಆಗಬಹುದಾ?" ಎಂದಾಗ ಮೂರೂ ಕಡೆಯವರು ಒಟ್ಟಿಗೇ ತಲೆಯಾಡಿಸಿದರು. ತಮ್ಮನಿಗೆ ಅವಳು ಅಕ್ಕ, ಭಾವನಿಗೆ ಮನೆಯ ಸೊಸೆ, ಮೇಡಂಗೆ ಮನೆ ಒಡತಿ. ಅವಳು ತಮ್ಮ ಕಡೆಯವಳೇ ಎಂದು ಮೂವರೂ ಒಳಗೊಳಗೇ ಖುಷಿಪಟ್ಟುಕೊಂಡರು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿ ಮಾಡಿಬಂದೆನೋ ಇಲ್ಲವೋ ಎಂಬ ಯೋಚನೆಯಲ್ಲಿದ್ದ ಅಂಗಡಿಯಕ್ಕ, ಬೇಡ ಎನ್ನುವಷ್ಟರಲ್ಲಿ ಕುರ್ಚಿಯ ಮೇಲೆ ಕೂತಾಗಿತ್ತು.

ಆ ಸಭೆಯ ಕಥೆ ಏನು ಹೇಳುವುದು! ಭಾವ ಮೇಜು ಗುದ್ದಿದ. ತಮ್ಮ, "ಕಾಡೇನು ಇವರಪ್ಪಂದಾ?" ಎಂದ. ಮೇಡಂ ನಕ್ಷೆ ಬಿಡಿಸಿ ತೋರಿಸಿದರು, ಅದಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. "ಎಲ್ಲರೂ ಸ್ವಲ್ಪ ತಗ್ಗಿ ನಡೀರಪ್ಪ" ಎಂದು ಅಂಗಡಿಯಕ್ಕ ಹೇಳಿದ್ದಕ್ಕೆ, "ಅದನ್ನ ಅವರಿಗೆ ಹೇಳು" ಎಂಬ ಉತ್ತರ ಮೂರು ದಿಕ್ಕಿನಿಂದ ಬಂತು. ಮುಂದಿನ ಸಭೆಯೂ ಹಾಗೇ. ಅದರ ಮುಂದಿನದಕ್ಕೆ ತಮ್ಮ ಬರಲೇ ಇಲ್ಲ. ಬೇಸಿಗೆ ಕಳೆದು, ಗಾಳಿ ತಣ್ಣಗಾಗಿ, ನೋಟೀಸಿನ ಕಾಗದ ಗೋಡೆಯ ಮೇಲೆ ಹಳದಿಯಾಯಿತು. ಬೀದಿಯ ಎರಡು ಮನೆಯವರು ಬಯಲಿಗೆ ಹೋಗಿ ಬಡಾವಣೆ ನೋಡಿಕೊಂಡೂ ಬಂದರು. ಬಂದವರು ಅಲ್ಲಿನ ನಲ್ಲಿ ನೀರಿನ ಗುಣಗಾನ ಮಾಡತೊಡಗಿದಾಗ ಅಂಗಡಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಅದೇ ವಾರದ ಒಂದು ಸಂಜೆ ಮೇಡಂ ಕಾಡಿನಿಂದ ಬಂದವರು ಮಹಡಿಗೆ ಹತ್ತದೆ ಅಂಗಡಿಯ ಮೆಟ್ಟಿಲ ಮೇಲೆ ಧೊಪ್ಪೆಂದು ಕುಳಿತರು. ಕಣ್ಣು ಕೆಂಪಾಗಿತ್ತು.

"ಏನಾಯ್ತಮ್ಮಾ?"

"ಈ ಸಲ ನೆಟ್ಟಿದ್ದೂ ಹೋಯ್ತು ಅಕ್ಕ. ಒಂದೇ ಒಂದು ಕುಡಿ ಉಳಿದಿಲ್ಲ. ಅಲ್ಲ, ಅವುಗಳಿಗೆ ಆ ಇಳಿಜಾರಲ್ಲೇ ಏನು ಕೆಲಸ ಅಂತ? ಬೇರೆ ಕಡೆ ಎಷ್ಟು ಬೇಕಾದ್ರೂ ಮೇವಿದೆ. ಆದ್ರೂ ಕಚೇರಿಗೆ ಹೋಗೋರ ಹಾಗೆ ದಿನಾ ಅಡ್ಡಡ್ಡ ಓಡಾಡ್ತವೆ. ಕಾಲುದಾರಿನೇ ಬಿದ್ದಿದೆ. ಲಾಡ್ಜಿನ ಹಿಂದಿನ ಬಂಡೆಯಿಂದ ಹೊರಟು ಕುರಿದೊಡ್ಡಿ ಕಡೆಗೆ, ಅಲ್ಲಿಂದ ಕೆಳಗೆ ತೊರೆ ಹತ್ರ..." ಮೇಡಂ ಯಾಕೋ ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಮುಖ ಒರೆಸಿಕೊಂಡು ಎದ್ದು, ದನಿ ತಗ್ಗಿಸಿ, "ಅಕ್ಕ, ಕಲ್ಲುಪ್ಪು ಇದ್ರೆ ಕೊಡಿ. ಯಾವಾಗಿನ ಹಾಗೆ" ಎಂದರು.

ಅಂಗಡಿಯಕ್ಕ ಉಪ್ಪು ತರಲು ಒಳಗೆ ಹೊರಟವಳು ಹಾಗೇ ನಿಂತುಬಿಟ್ಟಳು.

ಅವಳ ಅಂಗಡಿಯ ಕಲ್ಲುಪ್ಪು ಖರ್ಚಾಗುತ್ತಿದ್ದುದು ಮುಖ್ಯವಾಗಿ ಮೂರು ಜನರಿಗೆ. ತಮ್ಮ ಜೀಪನ್ನು ಹಿತ್ತಲ ಕಡೆ ನಿಲ್ಲಿಸಿ, "ಲಾಡ್ಜಿನ ಅಡುಗೆಗೆ" ಎಂದು ಮೂಟೆಗಟ್ಟಲೆ ಒಯ್ಯುತ್ತಿದ್ದ. ಅಷ್ಟು ಉಪ್ಪು ತಿಂದ ಅತಿಥಿಗಳು ಬದುಕಿರುವುದು ಹೇಗೆ ಎಂದು ಅವಳು ಒಮ್ಮೆ ಯೋಚಿಸಿದ್ದೂ ಉಂಟು. ಭಾವ, "ಕುರಿಗೆ" ಎನ್ನುತ್ತಿದ್ದ. ಕುರಿಗೆ ಉಪ್ಪು ಬೇಕು, ನಿಜ. ಆದರೆ ಈಚೆಗೆ ಅವನು ಒಯ್ಯುತ್ತಿದ್ದುದು ಎರಡು ಹಿಂಡಿಗೆ ಆಗುವಷ್ಟು. ಇನ್ನು ಮೇಡಂ! "ನಡೆದು ನಡೆದು ಕಾಲು ನೋವು, ಬಿಸಿನೀರಿಗೆ ಹಾಕಿ ಕಾಲಿಡೋಕೆ" ಎನ್ನುತ್ತಿದ್ದರು. ಒಂದು ಜೊತೆ ಕಾಲಿಗೆ ಒಂದು ಮೂಟೆ ಉಪ್ಪು! ಮೂವರೂ ಹೋಗುವಾಗ ಹೇಳುತ್ತಿದ್ದುದು ಒಂದೇ ಮಾತು, "ಯಾರಿಗೂ ಹೇಳ್ಬೇಡ." ಅವಳು ಹೇಳಿರಲಿಲ್ಲ. ಹೇಳುವುದಿರಲಿ, ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಿಯೂ ಇರಲಿಲ್ಲ. ಯಾರ ಕಾಲಿಗೆ ಎಷ್ಟು ಉಪ್ಪು ಬೇಕು ಎಂದು ಕೇಳುವುದು ಅಂಗಡಿಯವರ ಕೆಲಸವಲ್ಲವಲ್ಲ!

ಜಿಂಕೆಗೆ ಉಪ್ಪೆಂದರೆ ಪ್ರಾಣ, ಅದು ಆ ಊರಿನ ಮಕ್ಕಳಿಗೂ ಗೊತ್ತು. ಬಂಡೆ, ದೊಡ್ಡಿ, ತೊರೆ. ಅವು ಉಪ್ಪಿನಿಂದ ಉಪ್ಪಿಗೆ ನಡೆಯುತ್ತಿದ್ದವು, ದಾರಿಯಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದವು. ದಾರಿಯಲ್ಲಿ ಇದ್ದದ್ದು ಮೇಲಿನ ಕಾಡಿನ ಸಸಿಗಳು.

"ಉಪ್ಪು ಮುಗಿದಿದೆ. ಶನಿವಾರ ಬರುತ್ತೆ," ಎಂದಳು ಅಂಗಡಿಯಕ್ಕ. ಒಳಗೆ ಎರಡು ಮೂಟೆ ಇತ್ತು. ಅಂಗಡಿಯಲ್ಲಿ ಸರಕಿಟ್ಟುಕೊಂಡು ಇಲ್ಲವೆಂದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಅಂಗಡಿ ಮುಚ್ಚುವ ಹೊತ್ತಿಗೆ ಗಂಡನ ಬಳಿ ಎಲ್ಲವನ್ನೂ ತೋಡಿಕೊಂಡಳು. ಅವನು ಗುಂಡಿ ಹೊಲಿಯುತ್ತಲೇ ಕೇಳಿದ.

"ಹೇಳಿಬಿಡು," ಎಂದ.

"ಹೇಗ್ರೀ ಹೇಳೋದು? ಒಬ್ಬರು ತಗೊಂಡಿದ್ದನ್ನ ಇನ್ನೊಬ್ಬರಿಗೆ ಹೇಳಿದ್ರೆ ನಾಳೆ ಅಂಗಡಿಗೆ ಯಾರು ಬರ್ತಾರೆ?"

"ಅಂಗಡಿನೇ ಇಲ್ಲದಿದ್ರೆ?"

ಅವಳು ಬಂದು ತಕ್ಕಡಿಯ ಎದುರು ಕುಳಿತಳು. ಮೂವರೂ ಅವಳನ್ನು ನಂಬಿ ಕೊಂಡವರು. ಒಬ್ಬ ರಕ್ತ ಹಂಚಿಕೊಂಡವನು, ಒಬ್ಬ ಮನೆಯ ಹಿರಿಯ, ಒಬ್ಬಳು ಮಗಳಂಥವಳು. ಸಭೆಯಲ್ಲಿ ಹೇಳಿದರೆ ಮೂವರ ಮಾನವೂ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಬೀದಿಯೇ ಉಳಿಯುವುದಿಲ್ಲ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟೇ ಗೆದ್ದಿತು. "ನಾನಂತೂ ಬಾಯಿ ಬಿಡಲ್ಲ" ಎಂದು ಎದ್ದಳು. "ಆದ್ರೆ ಶನಿವಾರ ಮಧ್ಯಾಹ್ನ ಮೂವರನ್ನೂ ಒಂದೇ ಹೊತ್ತಿಗೆ ಕರೀತೀನಿ."

"ಹೂಂ," ಎಂದ ಗಂಡ.

ಶನಿವಾರ ಸರಕು ಬಂತು. "ಆ ಹೊತ್ತಿಗೆ ಅಂಗಡಿಯಲ್ಲಿ ಯಾರೂ ಇರಲ್ಲ, ಆರಾಮಾಗಿ ಬನ್ನಿ" ಎಂದು ಮೂವರಿಗೂ ಹೇಳಿ ಕಳಿಸಿದ್ದಾಗಿತ್ತು. ಅಂಗಡಿಯ ನಡುಮಧ್ಯೆ ಮೂರು ಮೂಟೆ ಸಾಲಾಗಿ ಕೂತಿದ್ದವು. ಗಂಡ ಬೆಳಿಗ್ಗೆಯೇ ಒಂದೊಂದರ ಬಾಯಿಗೆ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ. ಕೇಳಿದರೂ ಅವನು ಹೇಳುವವನಲ್ಲ.

ಮೊದಲು ತಮ್ಮ ಹಿತ್ತಲ ಬಾಗಿಲಿನಿಂದ ನುಸುಳಿದ. "ಅಕ್ಕಾ, ಬೇಗ ಕೊಡು, ಜೀಪು ಚಾಲೂ ಇದೆ." ಅಷ್ಟರಲ್ಲಿ ಮುಂಬಾಗಿಲಲ್ಲಿ ಭಾವನ ಕೋಲು ಟಕ್ಕೆಂದಿತು. "ಏನಮ್ಮಾ, ಸರಕು ಬಂತಾ..." ಎಂದು ಒಳಗೆ ಕಾಲಿಟ್ಟವನು ತಮ್ಮನನ್ನು ನೋಡಿ, "ಓಹೋ! ಲಾಡ್ಜಿನ ದೊರೆಗಳು!" ಎಂದ. ದೊರೆಗಳು ಬೆಂಕಿಪೊಟ್ಟಣ ಕೊಳ್ಳಲು ಬಂದವರಂತೆ ಶೆಲ್ಫು ನೋಡತೊಡಗಿದರು. ಆ ಹೊತ್ತಿಗೆ ಮೆಟ್ಟಿಲು ಅದುರಿತು. ಮೇಡಂ ಇಳಿದು ಬಂದು, ಇಬ್ಬರನ್ನೂ ಕಂಡು, ತಿರುಗಿ ಹತ್ತುವುದೋ ಬೇಡವೋ ಎಂದು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನಿಂತರು.

"ಬನ್ನಿ ಬನ್ನಿ, ನಾಚಿಕೆ ಯಾಕೆ?" ಎಂದಳು ಅಂಗಡಿಯಕ್ಕ. "ಅವರವರ ಸಾಮಾನು ಅವರವರು ಎತ್ಕೊಳ್ಳಿ."

ಯಾರೂ ಕದಲಲಿಲ್ಲ. ಭಾವ ಛಾವಣಿ ನೋಡಿದ, ತಮ್ಮ ಉಗುರು ನೋಡಿಕೊಂಡ. ಮೂಟೆ ತಮ್ಮದಲ್ಲವೇ ಅಲ್ಲ ಎಂಬಂತೆ ಮೂವರೂ ದೂರ ದೂರ ನಿಂತರು. ಆಗ ಹೊಲಿಗೆ ಯಂತ್ರ ನಿಂತಿತು.

"ಕೆಂಪು ಚೂರು ಕಟ್ಟಿದ್ದು ಲಾಡ್ಜಿಂದು. ನೀಲಿ ನಮ್ಮಣ್ಣಂದು. ಹಸಿರು ಮೇಡಂ ಅವರದು," ಎಂದ ಗಂಡ. "ಮೂರರಲ್ಲೂ ಕಲ್ಲುಪ್ಪೇ ಇರೋದು, ಅದಲು ಬದಲಾದ್ರೂ ನಷ್ಟ ಇಲ್ಲ."

ಮದುವೆಯಾದ ಮೇಲೆ ಅವನ ಬಾಯಿಂದ ಇಷ್ಟು ಉದ್ದದ ಮಾತು ಬಂದದ್ದೇ ಇರಲಿಲ್ಲ. ಅಂಗಡಿಯಕ್ಕ ಬಾಯಿ ತೆರೆದುಕೊಂಡು ನೋಡಿದಳು. ಕಟ್ಟಳೆ ಅಂಗಡಿಯವಳಿಗೆ ತಾನೇ? ದರ್ಜಿಗೆ ಯಾರೂ ಏನೂ ಹೇಳಿರಲಿಲ್ಲ.

ಮೂವರ ಮುಖವೂ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ಶುರುವಾಯಿತು ನೋಡಿ. "ಅಡುಗೆಗೆ ಅಂತೀಯಲ್ಲೋ, ಬಂಡೆ ಮೇಲೆ ಸುರೀತೀಯಾ?" ಎಂದು ಭಾವ. "ನೀವು ದೊಡ್ಡಿ ಆಚೆ ಇಡೋದು ಯಾವ ಕುರಿಗೆ, ಕವಲು ಕೊಂಬಿರೋ ಕುರಿಗಾ?" ಎಂದು ತಮ್ಮ. "ಕಾಡುಪ್ರಾಣಿಗೆ ತಿನ್ನಿಸೋದು ಅಪರಾಧ!" ಎಂದು ಮೇಡಂ ಗದರಿದ್ದೇ ತಡ, ಇಬ್ಬರೂ ಹಸಿರು ಚೂರಿನ ಮೂಟೆಯತ್ತ ಕೈ ತೋರಿಸಿದರು. ಮೇಡಂ ಕಿವಿಯವರೆಗೂ ಕೆಂಪಾಗಿ, "ಕೆಳಗಿನ ಹೊಲದವರು ದಿನಾ ಬಂದು ಬೈತಿದ್ರು. ಜಿಂಕೆ ಬೆಳೆಗೆ ಇಳೀದಿರಲಿ ಅಂತ ನನ್ನ ಸಂಬಳದಲ್ಲೇ ತಂದು ತೊರೆ ಹತ್ರ ಇಟ್ಟೆ. ಮೇಲಿನವರಿಗೆ ಗೊತ್ತಾದ್ರೆ ನನ್ನ ಕೆಲಸಾನೇ ಹೋಗುತ್ತೆ" ಎಂದರು. ಭಾವ ತನ್ನ ಹುಲ್ಲುಗಾವಲಿಗೆ ಕುರಿಗಿಂತ ಮೊದಲು ಜಿಂಕೆ ಬಾಯಿ ಹಾಕದಿರಲೆಂದು ಇಡುತ್ತಿದ್ದ. ತಮ್ಮನ ಕಾರಣ ಹೇಳಬೇಕಾಗಿಯೇ ಇರಲಿಲ್ಲ.

ಅಂಗಡಿಯಕ್ಕ ಬಾಗಿಲು ಅರ್ಧ ಎಳೆದಳು. ಗಂಡನ ಕತ್ತರಿಸುವ ಮೇಜಿನ ಮೇಲೆ ಒಂದು ಹಸಿರು ಬಟ್ಟೆ ಹಾಸಿ, "ಇದು ಮೇಲಿನ ಕಾಡು ಅಂತ ಇಟ್ಕೊಳ್ಳಿ. ನಿಮ್ಮ ನಿಮ್ಮ ಉಪ್ಪು ಎಲ್ಲಿದೆ ನೀವೇ ಇಡಿ. ನಾನಂತೂ ಏನೂ ಹೇಳಿಲ್ಲ, ಹೇಳೋದೂ ಇಲ್ಲ" ಎಂದಳು. ತಮ್ಮ ಒಂದು ಹರಳನ್ನು ಎಡಗಡೆ ಇಟ್ಟ, ಭಾವ ಬಲಗಡೆ ಇಟ್ಟ, ಮೇಡಂ ಕೆಳಗಿನ ಮೂಲೆಯಲ್ಲಿಟ್ಟರು. ಗಂಡ ದಾರದ ಉಂಡೆ ಮುಂದೆ ಸರಿಸಿದ. ಮೇಡಂ ಅದನ್ನು ಬಂಡೆಯಿಂದ ದೊಡ್ಡಿಗೆ, ದೊಡ್ಡಿಯಿಂದ ತೊರೆಗೆ, ತೊರೆಯಿಂದ ಬಂಡೆಗೆ ಎಳೆಯುತ್ತ ಹೋದರು. ಬಟ್ಟೆಯ ನಡುವೆ ದಾರ ಅಡ್ಡಾದಿಡ್ಡಿ ಹಾದುಹೋಯಿತು. ತಮ್ಮ ತಮ್ಮ ಜಾಗಕ್ಕೆ ಜಿಂಕೆಯನ್ನು ಎಳೆಯಲು ಹೋಗಿ ಮೂವರೂ ಸೇರಿ ಅವುಗಳಿಗೆ ಕಾಡಿನ ನಡುವೆ ಹೆದ್ದಾರಿ ಮಾಡಿಕೊಟ್ಟಿದ್ದರು.

ಭಾವ ಕೆಮ್ಮಿ, ದಾರದ ಮೇಲೆ ಬೆರಳಿಟ್ಟ. "ಗುಡ್ಡದ ಆಚೆ ಬೋಳು ಬಂಡೆ ಐತಲ್ಲ, ಅಲ್ಲಿ ಉಪ್ಪಿಟ್ರೆ? ಅಲ್ಲಿ ಸಸಿನೂ ಇಲ್ಲ, ಕೆಳಗೆ ಮನೇನೂ ಇಲ್ಲ."

"ಅಲ್ಲಿಗೆ ನನ್ನ ಅತಿಥಿಗಳು ಬರಬೇಕಲ್ಲ?" ಎಂದ ತಮ್ಮ.

"ಕಾಲಿಲ್ವಾ ಅವರಿಗೆ? ನಡೆಸ್ಕೊಂಡು ಬಾ. ದಾರಿ ನಾನು ತೋರಿಸ್ತೀನಿ. ಕೂತು ನೋಡೋದಕ್ಕಿಂತ ನಡೆದು ನೋಡಿದ್ರೆ ರುಚಿ ಜಾಸ್ತಿ."

ಮಾತು ಒಂದೊಂದಾಗಿ ಹದಕ್ಕೆ ಬಂತು. ಮೂರು ಕಡೆಯ ಉಪ್ಪನ್ನೂ ತೆಗೆಯುವುದು. ಮೂವರೂ ಸೇರಿ ಆಚೆಯ ಬೋಳು ಬಂಡೆಯಲ್ಲಿ ಮಾತ್ರ ಇಡುವುದು. ಅದನ್ನು ಕದ್ದು ಮಾಡುವುದು ಬೇಡ, ಸಭೆಯ ಹೆಸರಿನಲ್ಲಿ ಬರೆದು ಇಲಾಖೆಯ ಒಪ್ಪಿಗೆ ತರಿಸುವ ಕೆಲಸ ಮೇಡಂ ಅವರದು. ಇಡೀ ಇಳಿಜಾರಿಗೆ ಬೇಲಿ ಬೇಡ, ಸಸಿ ನೆಟ್ಟ ತುಂಡು ಜಾಗಗಳಿಗೆ ಮಾತ್ರ ಸಾಕು, ಕುರಿದಾರಿ ತೆರೆದೇ ಇರಲಿ. ಗುಂಡು ಹೊಡೆಯುವ ಮಾತಿಗೆ ಬಂದಾಗ ತಮ್ಮನೂ ಮೇಡಮ್ಮೂ ಮತ್ತೆ ಜೋರಾಗಿ ಕಿತ್ತಾಡಿದರು. ಅದು ಆವತ್ತು ಬಗೆಹರಿಯಲಿಲ್ಲ, ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಮೊದಲು ಉಪ್ಪು ಕದಲಿಸಿ ನೋಟೀಸಿನ ಗಡುವಿನವರೆಗೆ ನೋಡೋಣ ಎಂಬಲ್ಲಿಗೆ ನಿಂತಿತು.

ಅಂಗಡಿಯಕ್ಕ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಗೆದ್ದವಳಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಆಗ ಮೇಡಂ ಮೂಟೆಯಿಂದ ಇನ್ನೊಂದು ಹರಳು ತೆಗೆದು ಬಟ್ಟೆಯ ಕೆಳಅಂಚಿಗೆ, ಸರಿಯಾಗಿ ಬುಡದ ಬೀದಿ ಇರುವಲ್ಲಿಗೆ ಇಟ್ಟರು.

"ಇದು ಯಾರದು?" ಎಂದಳು ಅಂಗಡಿಯಕ್ಕ.

"ನಿಮ್ಮದು ಅಕ್ಕ. ಬೆಳಿಗ್ಗೆ ನನ್ನ ಕಿಟಕಿಯಿಂದ ಕಾಣುತ್ತೆ. ಖಾಲಿ ಉಪ್ಪಿನ ಚೀಲಗಳನ್ನೆಲ್ಲ ಹಿತ್ತಲ ಕಟ್ಟೆ ಮೇಲೆ ಕೊಡವ್ತೀರಲ್ಲ. ನೀವು ಒಳಗೆ ಹೋದ ತಕ್ಷಣ ಅವು ಇಳಿದು ಬಂದು ನೆಲ ನೆಕ್ತವೆ. ಎಲ್ಲಕ್ಕಿಂತ ಬೋಳಾಗಿರೋದು ನಿಮ್ಮ ಹಿತ್ತಲ ಮೇಲಿನ ಜಾಗಾನೇ. ಇಷ್ಟು ದಿನ ನೋಡಿದ್ರೂ ನನಗೂ ಹೊಳೆದಿರಲಿಲ್ಲ, ಈ ದಾರ ಎಳೆದ ಮೇಲೇನೇ..."

"ನನ್ನ ಹಿತ್ತಲ ವಿಷಯಕ್ಕೆ ಬರಬೇಡಿ ನೀವು!" ಅಂಗಡಿಯಕ್ಕ ಸಿಡಿದಳು. "ಅದು ನಾನು ಜಿಂಕೆಗೆ ಹಾಕಿದ್ದಲ್ಲ. ಅಂಗಡಿ ಚೊಕ್ಕಟವಾಗಿ ಇಟ್ಕೊಬೇಡ ಅಂತೀರಾ? ಮೊದಲು ಅವರು ಸರಿ ಹೋಗ್ಲಿ..."

ಹೇಳುತ್ತಿದ್ದ ಹಾಗೇ ತನ್ನ ಮಾತು ತನಗೇ ಕೇಳಿಸಿತು. ಸಭೆಯಲ್ಲಿ ಮೂರು ದಿಕ್ಕಿನಿಂದ ಬಂದ ಅದೇ ಮಾತು. ತಮ್ಮ ಮೊದಲು ನಕ್ಕ, ಭಾವ ಕೋಲು ಕುಟ್ಟಿ ನಕ್ಕ, ಮೇಡಂ ಮೂಟೆಯ ಮೇಲೇ ಕುಸಿದು ಕುಳಿತು ನಕ್ಕರು. ಅಂಗಡಿಯಕ್ಕ ಇನ್ನೂ ಸ್ವಲ್ಪ ಹೊತ್ತು ಬಿಗುವಾಗಿರಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಕೋಣೆಯಿಂದ ಅತ್ತೆ, "ಏನ್ರೇ ಅದು, ಅಂಗಡೀನಾ ನಾಟಕದ ಮನೇನಾ?" ಎಂದು ಕೂಗಿದಳು.

ಅಂದಿನಿಂದ ಅವಳು ಚೀಲ ಕೊಡವುವುದು ಅಂಗಡಿಯೊಳಗೇ, ಹಳೆಯ ದುಪ್ಪಟಿಯೊಂದನ್ನು ಹಾಸಿಕೊಂಡು. ಬಿದ್ದ ಪುಡಿಯನ್ನು ಬಾಚಿ, ಭಾವ ಬೋಳು ಬಂಡೆಗೆ ಒಯ್ಯುವ ಮೂಟೆಗೇ ಸೇರಿಸುತ್ತಾಳೆ. ಮೊದಮೊದಲು ಜಿಂಕೆಗಳು ಹಿತ್ತಲಿಗೆ ಬಂದು ನೆಲ ಮೂಸಿ ನಿಲ್ಲುತ್ತಿದ್ದವು. ಅವಳಿಗೆ ಕರುಳು ಚುರುಕ್ಕೆನ್ನುತ್ತಿತ್ತು, ಆದರೂ ಕದ ತೆರೆಯಲಿಲ್ಲ. ಆಮೇಲೆ ಬರುವುದು ಕಡಿಮೆಯಾಯಿತು. ಸಭೆಗಳು ನಡೆದವು, ಜಗಳಗಳೂ ನಡೆದವು. ಮೇಡಂ ಮೇಲಿನವರಿಂದ ಒಂದಿಷ್ಟು ಬೈಗುಳ ತಿಂದರು, ಒಪ್ಪಿಗೆಯನ್ನೂ ತಂದರು, ಬೇಲಿ ಹಾಕಿದ ತುಂಡುಗಳಲ್ಲಿ ಹೊಸದಾಗಿ ಸಸಿ ನೆಡಿಸಿದರು. ಭಾವ ಲಾಡ್ಜಿನ ಅತಿಥಿಗಳನ್ನು ಕರೆದುಕೊಂಡು ಗುಡ್ಡದಾಚೆಗೆ ಹೋಗಿ ಬರುತ್ತ, ಅವರಿಗೆ ತನ್ನ ಕುರಿಗಳ ಗುಣಗಾನವನ್ನೂ ಮಾಡಿ ತಲೆ ತಿನ್ನತೊಡಗಿದ. ಅವರಲ್ಲಿ ಕೆಲವರು ಅದಕ್ಕೇ ಮತ್ತೆ ಮತ್ತೆ ಬರುತ್ತಾರೆ ಎಂದು ತಮ್ಮ ಹೊಟ್ಟೆಕಿಚ್ಚಿನಿಂದ ಹೇಳುತ್ತಾನೆ.

ನೋಟೀಸಿನ ವರ್ಷ ತುಂಬಿದ ಮೇಲೆ ಗುಡ್ಡ ನೋಡುವ ಇಂಜಿನಿಯರು ತನ್ನ ಜನರೊಂದಿಗೆ ಬಂದ. ಬೆಳಿಗ್ಗೆ ಮೇಲೆ ಹತ್ತಿದವರು ಊಟದ ಹೊತ್ತು ಮೀರಿದರೂ ಇಳಿಯಲಿಲ್ಲ. ಬುಡದ ಬೀದಿಯ ಜನ ಒಬ್ಬೊಬ್ಬರಾಗಿ ಅಂಗಡಿಯ ಮುಂದೆ ಸೇರಿದರು. ಅಂಗಡಿಯಕ್ಕ ಒಂದೇ ಡಬ್ಬಿಯನ್ನು ನಾಲ್ಕು ಸಲ ಒರೆಸಿದಳು. ಕೊನೆಗೆ ಅವರು ಬಂದರು, ನೀರು ಕೇಳಿದರು, ಕುಡಿದರು. ಆ ಇಂಜಿನಿಯರು ನೀರು ಕುಡಿದಷ್ಟು ನಿಧಾನವಾಗಿ ಪ್ರಪಂಚದಲ್ಲಿ ಯಾರೂ ಕುಡಿದಿರಲಿಕ್ಕಿಲ್ಲ.

"ಸಸಿ ನಿಂತಿದೆ," ಎಂದ ಅವನು. "ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಅವು ದೊಡ್ಡದಾಗೋವರೆಗೆ ಮೇಲೆ ಉಕ್ಕಿನ ಬಲೆ ಹಾಕಿಸ್ತೀವಿ. ವರ್ಷ ವರ್ಷ ಬಂದು ನೋಡ್ತೀವಿ. ಸದ್ಯಕ್ಕೆ ಯಾರೂ ಬೀದಿ ಬಿಡೋದು ಬೇಡ."

"ಸದ್ಯಕ್ಕೆ ಅಂದ್ರೆ ಎಲ್ಲೀವರೆಗೆ?" ಅಂಗಡಿಯಕ್ಕ ಡಬ್ಬಿ ಕೆಳಗಿಟ್ಟು ಕೇಳಿದಳು.

ಅವನು ಪಕ್ಕದಲ್ಲಿ ನಿಂತಿದ್ದ ತಮ್ಮನನ್ನೂ ಭಾವನನ್ನೂ ಮೇಡಮ್ಮನ್ನೂ ಒಮ್ಮೆ ನೋಡಿದ. "ನೀವು ನಾಲ್ಕೂ ಜನ ಒಟ್ಟಿಗಿರೋವರೆಗೆ."

"ಹಾಗಾದ್ರೆ ಈಗ್ಲೇ ಗಂಟುಮೂಟೆ ಕಟ್ಟೋದು ವಾಸಿ," ಎಂದ ಭಾವ. ಬೀದಿಗೆ ಬೀದಿಯೇ ಗೊಳ್ಳೆಂದಿತು. ಬೇಕರಿಯವನು ಎಲ್ಲರಿಗೂ ಬನ್ನು ಹಂಚಿದ. ಗಂಡ ಯಂತ್ರದ ಹಿಂದಿನಿಂದ ಎದ್ದು ಬಂದು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು "ಹೂಂ" ಎಂದ. ಆ "ಹೂಂ" ಅವಳಿಗೆ ಸಾಕಾಗಿತ್ತು.

ಅವಳು ಅತ್ತೆಗೆ ಹೇಳಲೆಂದು ಒಳಗೆ ಓಡಿದಳು. ಮುದುಕಿ ಮಧ್ಯಾಹ್ನದ ನಿದ್ದೆಗೆಂದು ಕತ್ತಿನವರೆಗೆ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ.

"ಅತ್ತೆ, ನಾವೆಲ್ಲಿಗೂ ಹೋಗೋದಿಲ್ವಂತೆ. ಸಸಿ ಉಳಿದಿದೆಯಂತೆ. ಮೇಲೆ ಬಲೆ ಹಾಕಿಸ್ತಾರಂತೆ, ಕಲ್ಲು ಬರಲ್ವಂತೆ."

ಅತ್ತೆ ಈ ಕಡೆ ಹೊರಳಿ, "ನಿಜವಾಗ್ಲೂ?" ಎಂದಳು.

"ನಿಜವಾಗ್ಲೂ."

"ಹಾಗಾದ್ರೆ ಇದನ್ನ ಬಿಚ್ಚು," ಎಂದು ಕಂಬಳಿಯನ್ನು ಕಾಲಿನಿಂದ ಸರಿಸಿದಳು. ಎರಡು ಕಾಲಿಗೂ ಬಟ್ಟೆಯ ಬೂಟು, ಹಿಮ್ಮಡಿಯವರೆಗೆ ಎಳೆದು, ಲೇಸನ್ನು ಎರಡೆರಡು ಗಂಟು ಹಾಕಿ ಕಟ್ಟಿದ್ದು.

ಅಂಗಡಿಯಕ್ಕ ನೋಡುತ್ತಲೇ ನಿಂತಳು. "ಅತ್ತೆ... ಯಾವಾಗಿಂದ ಹೀಗೆ ಮಲಗ್ತಿದ್ದೀರಾ?"

"ಬೇಕರಿ ಗೋಡೆ ಒಡೆದ ದಿನದಿಂದ. ಕಲ್ಲು ಬಂದ್ರೆ ಓಡಬೇಕಲ್ಲ. ಈ ಕಾಲಿಗೆ ಬೂಟು ಹಾಕೋ ಅಷ್ಟರಲ್ಲಿ ನೀವು ನನಗೋಸ್ಕರ ಕಾಯ್ತಾ ನಿಂತು ಸಾಯ್ತಿದ್ರಿ."

"ಬಿದ್ರೆ ಬೀಳ್ಲಿ ಅಂತಿದ್ರಲ್ಲ!"

"ಅಂತಿದ್ದೆ. ನಾನೂ ಹೆದರಿದ್ರೆ ನೀವು ಯಾರಾದ್ರೂ ಅಂಗಡಿ ಬಾಗಿಲು ತೆಗೀತಿದ್ರಾ?"

ಊರಿನವರ ಒಳಗುಟ್ಟನ್ನೆಲ್ಲ ಬಲ್ಲವಳಿಗೆ ತನ್ನದೇ ಮನೆಯ ಕಂಬಳಿಯ ಅಡಿಯದು ಗೊತ್ತಿರಲಿಲ್ಲ. ಅವಳು ಮಂಚದ ತುದಿಗೆ ಕುಳಿತು ಆ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಣ್ಣೀರಿನಲ್ಲಿ ಗಂಟು ಸರಿಯಾಗಿ ಕಾಣಲಿಲ್ಲ, ಉಗುರಿನಿಂದ ಕೆದಕಿ ಕೆದಕಿ ಬಿಡಿಸಿದಳು. ಬೂಟು ಕಳಚಿದಾಗ ಪಾದದ ಮೇಲೆ ಲೇಸಿನ ಗೀರುಗಳು ಅಡ್ಡಡ್ಡ ಮೂಡಿದ್ದವು. ಅವಳು ಅವನ್ನು ಅಂಗೈಯಿಂದ ಮೆಲ್ಲಗೆ ಉಜ್ಜುತ್ತ ಕುಳಿತಳು. ಹೊರಗಿನಿಂದ ಯಾರೋ, "ಅಕ್ಕಾ, ಸಕ್ಕರೆ ಕೊಡೀ" ಎಂದು ಕೂಗಿದರು. ಅವಳು ಏಳಲಿಲ್ಲ.

"ಅಳ್ತಾ ಕೂತ್ಕೊಬೇಡ," ಎಂದಳು ಅತ್ತೆ. "ಇನ್ನೊಂದು ಕಾಲೂ ಇದೆ."